ತಾತನ ಫೋಟೋ ಹಸಿರಾಗದಿರಲಿ

ವೇಮಗಲ್‌ನಲ್ಲಾಗಲಿ ಕೋಲಾರದಲ್ಲಾಗಲಿ, ಸ್ಟುಡಿಯೋ ಇಟ್ಟವರಿಗೆ ಇದು ಗೊತ್ತು. ಮದುವೆ ಆಲ್ಬಮ್‌ನಲ್ಲಿ ಬಣ್ಣ ಕೊಂಚ ಹೆಚ್ಚುಕಮ್ಮಿಯಾದರೆ ಯಾರೂ ಕೇಳುವುದಿಲ್ಲ. ತಿಥಿಗೆಂದು ದೊಡ್ಡದು ಮಾಡಿಸಿದ ತಾತನ ಬ್ಲ್ಯಾಕ್ ಅಂಡ್ ವೈಟ್ ಫೋಟೋ ಹಸಿರಿಗೆ ತಿರುಗಿದರೆ ಮನೆಮಂದಿಯೆಲ್ಲ ಗುರುತಿಸುತ್ತಾರೆ.

ನಾಲ್ಕು ಇಂಕಿನ ಪ್ರಿಂಟರ್‌ನಲ್ಲಿ ಬೂದು ಬಹುಮಟ್ಟಿಗೆ ಸಯಾನ್, ಮೆಜೆಂಟಾ, ಹಳದಿ ಬೆರೆತೇ ಹುಟ್ಟುವುದು. ಒಂದು ಚೂರು ಮುಂದಾದರೂ ಕಣ್ಣು ಹಿಡಿದುಬಿಡುತ್ತದೆ. ಫೋಟೋಶಾಪ್‌ನಲ್ಲಿ ತಿದ್ದಿ ತಿದ್ದಿ ಪೇಪರ್ ದಂಡ ಮಾಡುವ ಬದಲು, ನಿಮ್ಮದೇ ಪ್ರಿಂಟರ್, ಇಂಕು, ಪೇಪರ್‌ಗೆ ಹೊಂದುವ ಐಸಿಸಿ ಪ್ರೊಫೈಲ್ ಮಾಡಿಸಿಕೊಳ್ಳಿ. ಬಣ್ಣದ ಚೌಕಗಳ ಚಾರ್ಟನ್ನು ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿಯೇ ಪ್ರಿಂಟ್ ತೆಗೆದು, ಒಂದು ದಿನ ಒಣಗಲು ಬಿಡಿ. ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ದುಬಾರಿ. ಕೊಳ್ಳುವುದೇನೂ ಬೇಡ, ಅಳೆದು ಪ್ರೊಫೈಲ್ ಮಾಡಿಕೊಡುವವರಿಗೆ ಚಾರ್ಟ್ ಕಳಿಸಿದರಾಯಿತು. ಬೂದು ಚೌಕಗಳು ಜಾಸ್ತಿಯಿರುವ ಚಾರ್ಟನ್ನೇ ಕೇಳಿ. ಪ್ರೊಫೈಲ್ ಹಾಕಿ ಪ್ರಿಂಟ್ ತೆಗೆದಾಗ ಬೂದು ಚೌಕಗಳ ಲ್ಯಾಬ್ (ಎಲ್-ಎ-ಬಿ) ಅಳತೆಯಲ್ಲಿ ಎ, ಬಿ ಎರಡೂ ಸೊನ್ನೆಯ ಆಸುಪಾಸಿನಲ್ಲಿರಬೇಕು. ಎ ಮೈನಸ್‌ಗೆ ಇಳಿದಷ್ಟೂ ಹಸಿರು, ಬಿ ಮೈನಸ್‌ಗೆ ಇಳಿದಷ್ಟೂ ನೀಲಿ.

ಪ್ರೊಫೈಲ್ ಬಂದ ಮೇಲೂ ಹಲವರು ಎಡವುವುದು ಒಂದೇ ಕಡೆ. ಫೋಟೋಶಾಪ್‌ನಲ್ಲಿ ಅದನ್ನು ಆರಿಸಿ, ಡ್ರೈವರ್‌ನಲ್ಲೂ ಕಲರ್ ಕರೆಕ್ಷನ್ ಹಾಗೇ ಬಿಡುತ್ತಾರೆ. ಎರಡೆರಡು ತಿದ್ದುಪಡಿ ಬಿದ್ದು ಬಣ್ಣ ಕೆಡುತ್ತದೆ. ಡ್ರೈವರ್‌ನದು ಆಫ್ ಆಗಿರಲಿ.

ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ. ಅದರಡಿ ಸರಿ ಕಂಡ ಬೂದು ಹಗಲಲ್ಲಿ ಬೇರೆಯೇ ಕಾಣಬಹುದು. ಪ್ರಿಂಟಿಂಗ್‌ನವರು ಒಪ್ಪಿದ ಬೆಳಕು 5000 ಕೆಲ್ವಿನ್. ಅಂಥ ದೀಪವಿಲ್ಲದಿದ್ದರೆ ಹಗಲಿನಲ್ಲಿ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಕಡೆ ಹಿಡಿದು ನೋಡಿ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಕಂಪನಿಯ ಇಂಕು ತುಂಬಿದಿರೋ, ಚಾರ್ಟ್ ಮತ್ತೆ ಹೊಸದಾಗಿ ತೆಗೆಯಿರಿ.