ನುಡಿಚಿತ್ರಕಾರನೂ ಕಿರು ಉದ್ಯಮಿಯೇ: ಸ್ವತಂತ್ರ ಲೇಖಕರೊಡನೆ ವ್ಯವಹರಿಸುವ ಬಗೆ

ವ್ಯಾಪಾರಿಗಳಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಸ್ವತಂತ್ರ ಲೇಖಕರ ಪರಿಚಯವು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಆಗುತ್ತದೆ. ಪತ್ರಿಕೆಯೊಂದಕ್ಕೆ ಲೇಖನ ಸಿದ್ಧಪಡಿಸಲು ಅವರು ನಮ್ಮ ಕಾರ್ಖಾನೆಗೆ ಬಂದಾಗ ಒಮ್ಮೆ. ಸಂಸ್ಥೆಯ ರಜತೋತ್ಸವ ಸಂಚಿಕೆಯನ್ನೋ ಉತ್ಪನ್ನದ ಪರಿಚಯ ಪುಸ್ತಿಕೆಯನ್ನೋ ನಾವೇ ಅವರಿಂದ ಬರೆಸುವಾಗ ಇನ್ನೊಮ್ಮೆ. ಈ ಎರಡು ಸಂಬಂಧಗಳ ನಿಯಮಗಳು ಬೇರೆ ಬೇರೆ. ಅವುಗಳನ್ನು ಬೆರೆಸಿದಲ್ಲಿ ಹಣ, ಹಕ್ಕು, ಹೆಸರು ಈ ಮೂರಕ್ಕೂ ಧಕ್ಕೆ ತಪ್ಪಿದ್ದಲ್ಲ. ಸದಸ್ಯರು ಅರಿತಿರಬೇಕಾದ ಮುಖ್ಯಾಂಶಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಹವ್ಯಾಸವಲ್ಲ, ವೃತ್ತಿ

ಯಾವುದೇ ಪತ್ರಿಕೆಯ ಸಂಬಳದಲ್ಲಿರದೆ ಬರೆಯುವವರನ್ನು ಕನ್ನಡದಲ್ಲಿ ‘ಹವ್ಯಾಸಿ ಪತ್ರಕರ್ತ’ ಎಂದು ಕರೆಯುವ ರೂಢಿಯಿದೆ. ಈ ಪದವು ದಾರಿ ತಪ್ಪಿಸುವಂಥದು. ಹವ್ಯಾಸವೆಂದರೆ ಬಿಡುವಿನ ವೇಳೆಯ ಸಂತೋಷ. ಅದಕ್ಕೆ ಬಿಲ್ಲಿಲ್ಲ, ಗಡುವಿಲ್ಲ. ಆದರೆ ಬರವಣಿಗೆಯಿಂದಲೇ ಸಂಸಾರ ಸಾಗಿಸುವವರು ಕಚ್ಚಾ ಸಾಮಗ್ರಿ ಸಂಗ್ರಹಿಸಿ, ಸಂಸ್ಕರಿಸಿ, ನಿಗದಿತ ದಿನಕ್ಕೆ ಸರಕು ಒಪ್ಪಿಸುವ ಏಕವ್ಯಕ್ತಿ ಘಟಕದಂತೆ ದುಡಿಯುತ್ತಾರೆ. ಅವರ ಮುಖ್ಯ ಉತ್ಪನ್ನವೇ ನುಡಿಚಿತ್ರ. ಸುದ್ದಿಯು ಏನಾಯಿತೆಂದು ಹೇಳಿದರೆ, ನುಡಿಚಿತ್ರವು ಅದು ಹೇಗಾಯಿತು, ಯಾರ ಬದುಕನ್ನು ತಟ್ಟಿತು ಎಂಬುದನ್ನು ಬಿಡಿಸಿ ತೋರಿಸುತ್ತದೆ.

ಒಂದು ಭೇಟಿ, ಮೂರು ಲೇಖನ

ಆರೋಗ್ಯ, ಕಲೆ ಮತ್ತು ವಾಣಿಜ್ಯ ಈ ಮೂರು ಕ್ಷೇತ್ರಗಳನ್ನೂ ಒಬ್ಬರೇ ನಿರ್ವಹಿಸುವುದು ವಿಚಿತ್ರವೆನಿಸಬಹುದು. ಚನ್ನಪಟ್ಟಣದ ಗೊಂಬೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮರವನ್ನು ಕಡೆದು ಅರಗಿನ ಬಣ್ಣ ಹತ್ತಿಸುವ ಕಸುಬು, ಅದಕ್ಕೆ ದೊರೆತ ಭೌಗೋಳಿಕ ಸೂಚಿಯ ಮನ್ನಣೆ ಇವು ಕಲಾ ಪುಟಕ್ಕೆ ವಸ್ತು. ಮಕ್ಕಳು ಬಾಯಿಗಿಡುವ ಆಟಿಕೆಯ ಬಣ್ಣದ ಸುರಕ್ಷತೆ, ಮರದ ಪುಡಿಯ ನಡುವೆ ದುಡಿಯುವವರ ಶ್ವಾಸಕೋಶದ ಕ್ಷೇಮ ಇವು ಆರೋಗ್ಯ ಪುಟಕ್ಕೆ ಸಲ್ಲುತ್ತವೆ. 2020ರ ಫೆಬ್ರುವರಿಯಲ್ಲಿ ಆಟಿಕೆಗಳ ಆಮದು ಸುಂಕವು ಶೇ. 20ರಿಂದ 60ಕ್ಕೆ ಏರಿದುದು, 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟ ಮುದ್ರೆ ಕಡ್ಡಾಯವಾದುದು, ನೋಂದಾಯಿತ ಕರಕುಶಲಿಗಳಿಗೆ ಅದರಿಂದ ವಿನಾಯಿತಿ ದೊರೆತುದು ವಾಣಿಜ್ಯ ಪುಟದ ವಿಷಯಗಳು. ಒಂದೇ ಪ್ರಯಾಣದ ಖರ್ಚಿನಲ್ಲಿ ಮೂರು ಬೇರೆ ಬೇರೆ ಲೇಖನಗಳು ಹೊರಬರುತ್ತವೆ. ಉಪ ಉತ್ಪನ್ನಗಳಿಂದ ಲಾಭ ಕಾಣುವ ಎಣ್ಣೆ ಗಿರಣಿಯ ಲೆಕ್ಕಾಚಾರವೂ ಇದೇ ಅಲ್ಲವೇ?

ವೆಚ್ಚದ ಲೆಕ್ಕ

ನಾಲ್ಕು ಪುಟದ ಲೇಖನಕ್ಕೆ ಹನ್ನೆರಡು ಸಾವಿರವೇ ಎಂದು ಹುಬ್ಬೇರಿಸುವವರುಂಟು. ಯಂತ್ರದ ಗಂಟೆಯ ದರವನ್ನು ಕಟ್ಟುವ ರೀತಿಯಲ್ಲೇ ಇದನ್ನೂ ನೋಡೋಣ. ಉದಾಹರಣೆಗೆ, ಲೇಖಕರ ಮನೆವಾರ್ತೆ, ದೂರವಾಣಿ, ವಿಮೆ ಮುಂತಾದ ಮಾಸಿಕ ವೆಚ್ಚ ರೂ. 45,000 ಎಂದಿಟ್ಟುಕೊಳ್ಳಿ. ತಿಂಗಳ 24 ಕೆಲಸದ ದಿನಗಳಲ್ಲಿ ಒಂಬತ್ತು ದಿನಗಳು ಸಂಪಾದಕರಿಗೆ ಪ್ರಸ್ತಾವನೆ ಕಳುಹಿಸಲು, ತಿರಸ್ಕೃತ ಬರಹಗಳಿಗೆ ಮತ್ತು ಬಾಕಿ ವಸೂಲಿಗೆ ಕಳೆದರೆ, ಸಂಭಾವನೆ ತರುವ ದಿನಗಳು 15 ಮಾತ್ರ. ದಿನದ ದರ ರೂ. 3,000 ಆಯಿತು. ಅಧ್ಯಯನ, ಭೇಟಿ, ಬರವಣಿಗೆ, ಪರಿಶೀಲನೆ ಸೇರಿ ನಾಲ್ಕು ದಿನ ಹಿಡಿದರೆ ರೂ. 12,000. ಪ್ರಯಾಣ ವೆಚ್ಚ ಪ್ರತ್ಯೇಕ. ಇದರಲ್ಲಿ ಲಾಭಾಂಶವಾಗಲಿ ಉಳಿತಾಯವಾಗಲಿ ಇನ್ನೂ ಸೇರಿಲ್ಲ ಎಂಬುದು ಗಮನಾರ್ಹ.

ಸುದ್ದಿಯೇ, ಜಾಹೀರಾತೇ?

ಸ್ವತಂತ್ರ ಲೇಖಕರ ಬಂಡವಾಳ ನಂಬಿಕೆ. ಪತ್ರಿಕೆಯ ಪರವಾಗಿ ಬಂದವರಿಗೆ ಉದ್ಯಮಿಯು ಹಣ, ಉಡುಗೊರೆ ಕೊಡತಕ್ಕದ್ದಲ್ಲ; ಅವರೂ ಸ್ವೀಕರಿಸತಕ್ಕದ್ದಲ್ಲ. ಪ್ರಕಟಣೆಗೆ ಮುನ್ನ ಲೇಖನವನ್ನು ತೋರಿಸಿ ಒಪ್ಪಿಗೆ ಪಡೆಯಬೇಕೆಂದು ಒತ್ತಾಯಿಸುವುದೂ ಸಲ್ಲದು. ಅಂಕಿ ಅಂಶ, ಹೆಸರು, ತಾಂತ್ರಿಕ ವಿವರಗಳು ಸರಿಯಾಗಿವೆಯೇ ಎಂದು ಪರಿಶೀಲಿಸಿಕೊಡುವುದು ಮಾತ್ರ ಉಭಯರಿಗೂ ಹಿತ. ಹಣ ಪಡೆದು ಬರೆದುದನ್ನು ಸುದ್ದಿಯ ವೇಷದಲ್ಲಿ ಪ್ರಕಟಿಸಿದರೆ ಅದು ಓದುಗರಿಗೆ ಮಾಡುವ ವಂಚನೆ. ಒಮ್ಮೆ ಅದು ಬಯಲಾದರೆ ಆ ಲೇಖಕರು ಮುಂದೆ ಪ್ರಾಮಾಣಿಕವಾಗಿ ಬರೆದ ಹೊಗಳಿಕೆಗೂ ಬೆಲೆಯಿರುವುದಿಲ್ಲ. ನಷ್ಟ ಉದ್ಯಮಿಯದೂ ಹೌದು.

ಆರೋಗ್ಯ ಸಂಬಂಧಿ ಉತ್ಪನ್ನಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿರಬೇಕು. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯನ್ವಯ ಮಧುಮೇಹ, ಕ್ಯಾನ್ಸರ್ ಮುಂತಾದ ಪಟ್ಟಿ ಮಾಡಿದ ರೋಗಗಳನ್ನು ಔಷಧವೊಂದು ಗುಣಪಡಿಸುತ್ತದೆಂದು ಜಾಹೀರಾತು ನೀಡುವುದು ನಿಷಿದ್ಧ. ಸುತ್ತೋಲೆ, ಲೇಬಲ್, ಹೊದಿಕೆಗಳೂ ಈ ಕಾಯ್ದೆಯಲ್ಲಿ ಜಾಹೀರಾತುಗಳೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು ತಯಾರಕರ ಮೇಲೆ ರೂ. 10 ಲಕ್ಷದವರೆಗೂ, ಪುನರಾವರ್ತಿಸಿದರೆ ರೂ. 50 ಲಕ್ಷದವರೆಗೂ ದಂಡ ವಿಧಿಸಬಹುದು. ತೈಲವೋ ಚೂರ್ಣವೋ ತಯಾರಿಸುವವರಿಗೆ ‘ಈ ವಾಕ್ಯ ಬರೆಯಲಾರೆ’ ಎನ್ನುವ ಲೇಖಕರು ಹಿತೈಷಿಗಳೇ ಸರಿ.

ಬರಹ ಯಾರ ಸ್ವತ್ತು?

ಹಣ ಕೊಟ್ಟು ಬರೆಸಿದ್ದೆಲ್ಲ ತಮ್ಮದೇ ಎಂಬ ತಿಳಿವಳಿಕೆ ಬಹುಮಂದಿ ಉದ್ಯಮಿಗಳಲ್ಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮು ಹಾಗೆ ಹೇಳುವುದಿಲ್ಲ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದುದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕೂ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದೇ. ಆದರೆ ಸ್ವತಂತ್ರ ಲೇಖಕರು ಬರೆದ ಸಾಹಿತ್ಯ ಕೃತಿಯ ಪ್ರಥಮ ಸ್ವಾಮ್ಯ ಲೇಖಕರದು. ಒಂದೇ ಪುಸ್ತಿಕೆಯ ಚಿತ್ರ ನಿಮ್ಮದಾಗಿ, ಬರಹ ಅವರದಾಗಿರಲು ಸಾಧ್ಯ.

ಹಕ್ಕು ಬೇಕಿದ್ದರೆ 19ನೆಯ ಕಲಮಿನಂತೆ ಲೇಖಕರ ಸಹಿಯುಳ್ಳ ಲಿಖಿತ ವರ್ಗಾವಣೆ ಅಗತ್ಯ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದನ್ನು ಅದರಲ್ಲಿ ನಮೂದಿಸಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ರಫ್ತುದಾರರು ಈ ಎರಡನೆಯ ಅಂಶವನ್ನು ಮರೆಯಬಾರದು. ಲೇಖಕರ ಕಡೆಯಿಂದ ನೋಡಿದರೆ, ಹಕ್ಕನ್ನು ಪೂರ್ತಿ ಬಿಟ್ಟುಕೊಡುವುದೆಂದರೆ ಆ ಬರಹದ ಅನುವಾದ, ಮರುಮುದ್ರಣ, ಸಂಕಲನದ ಆದಾಯವನ್ನೂ ಬಿಟ್ಟುಕೊಟ್ಟಂತೆ. ಅದಕ್ಕೆ ತಕ್ಕ ಹೆಚ್ಚಿನ ಬೆಲೆ ಕೇಳುವುದು ನ್ಯಾಯ.

ಪಾವತಿಯ ಗಡುವು

ಬಾಕಿ ವಸೂಲಿಯ ಕಷ್ಟ ನಮ್ಮ ಸದಸ್ಯರಿಗೆ ಹೊಸದಲ್ಲ. ಅದೇ ಕಷ್ಟ ಲೇಖಕರದೂ ಹೌದು. ಅದೇ ಕಾನೂನು ಅವರಿಗೂ ರಕ್ಷೆ. ಉದ್ಯಮ್ ನೋಂದಣಿ ಪಡೆದ ಸ್ವತಂತ್ರ ಲೇಖಕರು 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಸೇವಾ ಉದ್ಯಮಿಗಳೇ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಾಯಿಸಿಕೊಳ್ಳುವುದು ಕ್ಷೇಮ. ಲಿಖಿತ ಒಪ್ಪಂದವಿದ್ದಲ್ಲಿ ಅದರಲ್ಲಿನ ದಿನಾಂಕಕ್ಕೆ, ಗರಿಷ್ಠ 45 ದಿನಗಳೊಳಗೆ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಇದಲ್ಲದೆ, 2024-25ರ ಕರ ನಿರ್ಧಾರಣಾ ವರ್ಷದಿಂದ ಆದಾಯ ತೆರಿಗೆಯಲ್ಲೂ ನಿಯಮ ಬಿಗಿಯಾಗಿದ್ದು, ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಿಗೆ ಹಾಕಿಕೊಳ್ಳಬಹುದು.

ಜಿಎಸ್‌ಟಿಯ ವಿಷಯದಲ್ಲಿ, ಸೇವೆಗಳ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದ ಲೇಖಕರಿಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಜಿಎಸ್‌ಟಿ ಸಂಖ್ಯೆಯಿಲ್ಲವೆಂಬ ಕಾರಣಕ್ಕೆ ಅವರ ಬಿಲ್ಲನ್ನು ತಡೆಹಿಡಿಯುವುದು ಸರಿಯಲ್ಲ.

ಸದಸ್ಯರು ಪಾಲಿಸಬೇಕಾದ ಕ್ರಮಗಳು

1. ಬರಹದ ಉದ್ದೇಶ, ಪದಗಳ ಮಿತಿ, ಗಡುವು ಮತ್ತು ಎಷ್ಟು ಸಲ ತಿದ್ದುಪಡಿ ಎಂಬುದನ್ನು ಆದೇಶ ಪತ್ರದಲ್ಲಿ ಬರೆಯಿರಿ.

2. ಸಂಭಾವನೆ, ಪ್ರಯಾಣ ವೆಚ್ಚ, ಪಾವತಿಯ ದಿನಾಂಕವನ್ನು ಮೊದಲೇ ನಿಗದಿಪಡಿಸಿ. ಸಾಧ್ಯವಾದರೆ ಮುಂಗಡ ನೀಡಿ.

3. ಒಪ್ಪಿಸಿದ ಕೆಲಸವನ್ನು ನೀವು ಬಳಸದೆ ಹೋದರೆ ಎಷ್ಟು ಕೊಡುವಿರೆಂಬುದೂ ಸ್ಪಷ್ಟವಿರಲಿ.

4. ಕೃತಿಸ್ವಾಮ್ಯದ ಅವಧಿ, ಪ್ರದೇಶಗಳನ್ನು ನಮೂದಿಸಿ ಸಹಿ ಪಡೆಯಿರಿ.

5. ಪತ್ರಿಕೆಗಾಗಿ ನಿಮ್ಮ ಬಗ್ಗೆ ಬರೆಯುತ್ತಿರುವವರಿಗೆ ಅದೇ ವೇಳೆ ನಿಮ್ಮ ಸಂಸ್ಥೆಯ ಕೆಲಸ ವಹಿಸಬೇಡಿ.

ಜಾಬ್ ವರ್ಕ್ ಮಾಡಿಸುವಾಗ ನಾವು ಅಳತೆ, ದರ, ಗಡುವುಗಳನ್ನು ಬರೆದುಕೊಳ್ಳದೆ ಲೋಹ ಒಪ್ಪಿಸುವುದಿಲ್ಲ. ಸಂಸ್ಥೆಯ ಹೆಸರನ್ನೇ ಒಪ್ಪಿಸುವಾಗ ಅಷ್ಟಾದರೂ ಎಚ್ಚರ ವಹಿಸುವುದು ವ್ಯವಹಾರ ಧರ್ಮ.