ಸೋರೆ ಬಳ್ಳಿ ಮೈತುಂಬ ಕಾಯಿ ಬಿಡಲು ಏಳು ಸೂತ್ರಗಳು

1. ಬೀಜದಲ್ಲಿ ರಾಜಿ ಬೇಡ. ಡೊಂಕಿಲ್ಲದ, ತಿಳಿಹಸಿರು ಕಾಯಿ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಬಹಾರ್’ ತಳಿ ಬಿತ್ತಿ. ಕಾಯಿ ಸುಮಾರು 1 ಕಿಲೋ ತೂಗುತ್ತದೆ. ಬೀಜದ ಸಿಪ್ಪೆ ಗಡುಸು. ಹಿಂದಿನ ರಾತ್ರಿಯೇ ನೆನೆಹಾಕಿ.

2. ಗುಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. 3 ಬೀಜ ಊರಿ, ಗಟ್ಟಿಮುಟ್ಟಾದ ಒಂದು ಸಸಿ ಮಾತ್ರ ಉಳಿಸಿಕೊಳ್ಳಿ. ಉಳಿದವನ್ನು ಕೀಳಬೇಡಿ, ಬುಡದಲ್ಲಿ ಕತ್ತರಿಸಿ; ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ.

3. ಚಪ್ಪರ ಹಾಕಿ. ತೂಗಿಬಿದ್ದ ಕಾಯಿ ನೆಟ್ಟಗೆ ಬೆಳೆಯುತ್ತದೆ, ಮಣ್ಣು ತಾಗಿ ಕೊಳೆಯುವುದಿಲ್ಲ.

4. ಬಳ್ಳಿ ಚಪ್ಪರ ಮುಟ್ಟಿದೊಡನೆ ತಲೆಕುಡಿ ಚಿವುಟಿ. ಮುಖ್ಯ ಬಳ್ಳಿಯಲ್ಲಿ ಗಂಡು ಹೂವೇ ಹೆಚ್ಚು. ಹೆಣ್ಣು ಹೂ ಬರುವುದು ಬಹುಪಾಲು ಪಕ್ಕದ ಕವಲುಗಳಲ್ಲಿ.

5. ಸಂಜೆ ಹೊತ್ತು ಬಳ್ಳಿಯ ಹತ್ತಿರ ಇರಿ. ಫಸಲು ನಿರ್ಧಾರವಾಗುವುದೇ ಆಗ. ‘ಹೀಚು ಹಳದಿಯಾಗಿ ಉದುರುತ್ತಿದೆ’ ಎಂದು ಗೊಬ್ಬರ ಸುರಿಯುವವರೇ ಹೆಚ್ಚು; ಎಷ್ಟೋ ಸಲ ಕೊರತೆ ಇರುವುದು ಪರಾಗದ್ದು. ಸೋರೆಯ ಬಿಳಿ ಹೂ ಅರಳುವುದು ಹೊತ್ತು ಇಳಿದ ಮೇಲೆ. ಆಗ ಜೇನ್ನೊಣ ಗೂಡು ಸೇರಿರುತ್ತದೆ. ರಾತ್ರಿ ಹಾರುವ ಪತಂಗ ಬಂದರೆ ಬಂತು. ಅದನ್ನೇ ನಂಬಿ ಕೂರಬೇಡಿ. ಉದ್ದ ತೊಟ್ಟಿನದು ಗಂಡು ಹೂ. ಬುಡದಲ್ಲಿ ನವಿರು ರೋಮದ ಪುಟ್ಟ ಕಾಯಿ ಹೊತ್ತದ್ದು ಹೆಣ್ಣು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಪರಾಗದ ಪುಡಿ ಬೆರಳಿಗೆ ಅಂಟುತ್ತದೆಯೇ ನೋಡಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಮೊದಮೊದಲು ಬರೀ ಗಂಡು ಹೂ ಬಿಟ್ಟರೆ ಗಾಬರಿ ಬೇಡ, ಅದು ಬಳ್ಳಿಯ ಸಹಜ ಕ್ರಮ.

6. ಕಚ್ಚಿದ ಕಾಯಿಗೆ ಕಾಗದದ ಚೀಲ ಕಟ್ಟಿ, ಹಣ್ಣುನೊಣ ಚುಚ್ಚಿ ಮೊಟ್ಟೆಯಿಡುವುದು ತಪ್ಪುತ್ತದೆ. ಹುಳು ಬಿದ್ದ ಕಾಯಿಗಳನ್ನು ಬಳ್ಳಿಯ ಕೆಳಗೇ ಬಿಡದೆ ಆಳವಾಗಿ ಹೂಳಿ. ನೀರು ಬುಡಕ್ಕೆ ಮಾತ್ರ.

7. ಉಗುರು ಸಲೀಸಾಗಿ ನಾಟುವಾಗಲೇ, ತೊಟ್ಟು ಸಮೇತ ಕೊಯ್ಯಿರಿ. ಬಲಿಯಲು ಬಿಟ್ಟರೆ ಬಳ್ಳಿ ಹೊಸ ಹೀಚು ಹಿಡಿಯುವುದು ಕುಗ್ಗುತ್ತದೆ. ಅಡುಗೆಗೆ ಮುನ್ನ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಆ ಕಹಿ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ. ಅಂಥ ಕಾಯಿಯ ಹಸಿ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ.