ಬೆಲೆಯಿಲ್ಲದ ತಂತ್ರಾಂಶಕ್ಕೂ ಷರತ್ತುಂಟು: ಓಪನ್ ಸೋರ್ಸ್ ಪರವಾನಗಿಯ ಒಕ್ಕಣೆ ಮತ್ತು ಕರ್ತೃವಿನ ಹೆಸರು

ವರ್ಷಾಂತ್ಯದ ಲೆಕ್ಕಪರಿಶೋಧನೆಯ ವೇಳೆ ಒಂದು ಸಣ್ಣ ಕೈಗಾರಿಕಾ ಘಟಕದ ಗಣಕಯಂತ್ರಗಳು, ಮುದ್ರಣಯಂತ್ರಗಳು, ಹಣ ಕೊಟ್ಟು ತಂದ ತಂತ್ರಾಂಶಗಳು ಎಲ್ಲವೂ ಸ್ಥಿರಾಸ್ತಿಗಳ ವಹಿಯಲ್ಲಿ ಕಾಣಿಸಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಬಿಲ್ಲಿದೆ, ವೋಚರ್ ಇದೆ, ಸವಕಳಿಯ ಲೆಕ್ಕವಿದೆ. ಆದರೆ ಅದೇ ಘಟಕವು ತಯಾರಿಸಿ ಮಾರುವ ತೂಕದ ಯಂತ್ರದೊಳಗಿನ ಪುಟ್ಟ ಬೋರ್ಡಿನಲ್ಲಿ ಓಡುತ್ತಿರುವ ಲಿನಕ್ಸ್ ಯಾವ ವಹಿಯಲ್ಲಿಯೂ ಕಾಣುವುದಿಲ್ಲ. ಹಣ ಕೊಟ್ಟಿಲ್ಲವಾದ್ದರಿಂದ ಬಿಲ್ಲಿಲ್ಲ, ಬಿಲ್ಲಿಲ್ಲವಾದ್ದರಿಂದ ಕಡತವಿಲ್ಲ, ಕಡತವಿಲ್ಲವಾದ್ದರಿಂದ ಅದರೊಡನೆ ಬಂದ ಪರವಾನಗಿ ಪತ್ರವನ್ನು ಓದಿದವರೂ ಇಲ್ಲ. ಲೆಕ್ಕಪುಸ್ತಕಕ್ಕೆ ಸಿಗದ ಈ ವಸ್ತುವು ಯಂತ್ರದ ಮಾರಾಟವನ್ನೇ ತಡೆಯಬಲ್ಲ ಬಾಧ್ಯತೆಗಳನ್ನು ಹೊತ್ತು ತಂದಿರುತ್ತದೆ ಎಂಬ ಅರಿವು ನಮ್ಮ ಉದ್ಯಮಿಗಳಲ್ಲಿ ಇನ್ನೂ ಕಡಿಮೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಓಪನ್ ಸೋರ್ಸ್ ತಂತ್ರಾಂಶವೆಂದರೆ ವಾರಸುದಾರರಿಲ್ಲದ ಸ್ವತ್ತಲ್ಲ. ಅದರ ಕೃತಿಸ್ವಾಮ್ಯವು ಬರೆದವರಲ್ಲಿಯೇ ಉಳಿದಿರುತ್ತದೆ. ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಗಣಕ ಕ್ರಮವಿಧಿಯೂ ಒಂದು ಸಾಹಿತ್ಯಕೃತಿಯೇ. ಕರ್ತೃವು ತನ್ನ ಹಕ್ಕನ್ನು ಬಿಟ್ಟುಕೊಡಬೇಕೆಂದಿದ್ದರೆ ಅದಕ್ಕೆ 21ನೆಯ ಕಲಮಿನಲ್ಲಿ ಬೇರೆಯೇ ವಿಧಾನವಿದೆ. ಓಪನ್ ಸೋರ್ಸ್ ಕರ್ತೃವು ಹಾಗೆ ಬಿಟ್ಟುಕೊಟ್ಟಿರುವುದಿಲ್ಲ. ಕೆಲವು ಷರತ್ತುಗಳ ಮೇಲೆ ಎಲ್ಲರಿಗೂ ಅನುಮತಿಯನ್ನಷ್ಟೇ ನೀಡಿರುತ್ತಾನೆ. ಷರತ್ತುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ತನ್ನ ಹೆಸರನ್ನು ಅಳಿಸಬಾರದೆಂಬುದು. ಅದನ್ನು ಮುರಿದರೆ ಏನಾಗುತ್ತದೆ ಎಂಬುದು ಪರವಾನಗಿಯ ಒಕ್ಕಣೆಯನ್ನು ಅವಲಂಬಿಸಿದೆ.

ಆಟದ ರೈಲಿನ ಮೊಕದ್ದಮೆ

ಈ ಪ್ರಶ್ನೆಯನ್ನು ಇತ್ಯರ್ಥಪಡಿಸಿದ ಪ್ರಮುಖ ತೀರ್ಪು ಹುಟ್ಟಿದ್ದು ಯಾವುದೋ ಬೃಹತ್ ಕಂಪನಿಗಳ ಕಲಹದಿಂದಲ್ಲ, ಅಮೆರಿಕದ ಮಾದರಿ ರೈಲುಗಳ ಹವ್ಯಾಸಿಗಳ ನಡುವಿನಿಂದ. ಮೇಜಿನ ಮೇಲೆ ಓಡುವ ಈ ಪುಟ್ಟ ರೈಲುಗಳ ಎಂಜಿನ್ನಿನಲ್ಲಿ ಡಿಕೋಡರ್ ಎಂಬ ಚಿಪ್ ಇರುತ್ತದೆ. ಅದನ್ನು ಗಣಕಯಂತ್ರದಿಂದ ಹೊಂದಿಸಲು ಭೌತಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಜೇಕಬ್‌ಸನ್ ಮತ್ತು ಅವರ ಸಹವರ್ತಿಗಳು ಜೆಎಂಆರ್‌ಐ ಎಂಬ ಯೋಜನೆಯಡಿ 'ಡಿಕೋಡರ್‌ಪ್ರೊ' ತಂತ್ರಾಂಶವನ್ನು ಸಿದ್ಧಪಡಿಸಿ, 'ಆರ್ಟಿಸ್ಟಿಕ್ ಲೈಸೆನ್ಸ್' ಎಂಬ ಪರವಾನಗಿಯಲ್ಲಿ ಉಚಿತವಾಗಿ ಬಿಡುಗಡೆ ಮಾಡಿದ್ದರು. ಇದೇ ಬಗೆಯ ವಾಣಿಜ್ಯ ತಂತ್ರಾಂಶವನ್ನು ಮಾರುತ್ತಿದ್ದ ಮ್ಯಾಥ್ಯೂ ಕ್ಯಾಟ್ಜರ್ ಅವರ ಕಾಮಿಂಡ್ ಅಸೋಸಿಯೇಟ್ಸ್ ಸಂಸ್ಥೆಯು ಈ ಯೋಜನೆಯ ಕಡತಗಳನ್ನು ಇಳಿಸಿಕೊಂಡು ತನ್ನ ಉತ್ಪನ್ನದಲ್ಲಿ ಬಳಸಿತು. ಕರ್ತೃಗಳ ಹೆಸರು, ಕೃತಿಸ್ವಾಮ್ಯದ ಸೂಚನೆ, ಪರವಾನಗಿ ಕಡತದ ಉಲ್ಲೇಖ, ಮೂಲ ಕಡತಗಳಲ್ಲಿ ಮಾಡಿದ ಬದಲಾವಣೆಗಳ ವಿವರ ಯಾವುದೂ ಆ ಉತ್ಪನ್ನದಲ್ಲಿ ಇರಲಿಲ್ಲ. ವಿಚಿತ್ರವೆಂದರೆ, ಅದಕ್ಕೂ ಮೊದಲು ಪೇಟೆಂಟ್ ಉಲ್ಲಂಘನೆಯಾಗಿದೆಯೆಂದು ಜೇಕಬ್‌ಸನ್ ಅವರಿಂದ ಹಣ ಕೇಳಿದ್ದವರು ಕ್ಯಾಟ್ಜರ್ ಅವರೇ!

2007ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಜಿಲ್ಲಾ ನ್ಯಾಯಾಲಯವು ತಡೆಯಾಜ್ಞೆ ನೀಡಲು ನಿರಾಕರಿಸಿತು. ಪರವಾನಗಿಯು ವಿಶಾಲವಾಗಿದೆ, ಹೆಸರು ಹೇಳದಿರುವುದು ಹೆಚ್ಚೆಂದರೆ ಕರಾರಿನ ಭಂಗವಾದೀತೇ ಹೊರತು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂಬುದು ಅದರ ನಿಲುವು. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸವೆಂದು ತೋರಿದರೂ ಕರ್ತೃವಿನ ಪಾಲಿಗೆ ಇದು ಸೋಲೇ. ಕರಾರು ಮುರಿದರೆ ಸಾಮಾನ್ಯವಾಗಿ ಸಿಗುವುದು ನಷ್ಟಪರಿಹಾರ. ಉಚಿತವಾಗಿ ಹಂಚಿದ ವಸ್ತುವಿಗೆ ರೂಪಾಯಿ ಪೈಸೆಗಳಲ್ಲಿ ನಷ್ಟವನ್ನು ಲೆಕ್ಕ ಹಾಕುವುದು ಹೇಗೆ?

2008ರ ಆಗಸ್ಟ್ 13ರಂದು ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು ಆ ಆದೇಶವನ್ನು ರದ್ದುಗೊಳಿಸಿತು. ನ್ಯಾಯಾಲಯ ಕೈಗೆತ್ತಿಕೊಂಡದ್ದು ಪರವಾನಗಿಯಲ್ಲಿದ್ದ ಎರಡು ಪದಗಳನ್ನು: 'ಪ್ರೊವೈಡೆಡ್ ದಟ್', ಅಂದರೆ 'ಎಂಬ ಷರತ್ತಿಗೆ ಒಳಪಟ್ಟು'. ಈ ಒಕ್ಕಣೆಯಿದ್ದಾಗ ಮುಂದೆ ಬರುವುದು ಬರೀ ಭರವಸೆಯಲ್ಲ, ಷರತ್ತು. ಷರತ್ತನ್ನು ಪಾಲಿಸದವನಿಗೆ ಅನುಮತಿಯೇ ಇಲ್ಲ. ಅನುಮತಿಯಿಲ್ಲದೆ ಮಾಡಿದ ನಕಲು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಅದು ಹೇಳಿತು. ಹಣ ಕೈ ಬದಲಾಗಲಿಲ್ಲವೆಂದ ಮಾತ್ರಕ್ಕೆ ಆರ್ಥಿಕ ಪ್ರಯೋಜನವಿಲ್ಲವೆಂದಲ್ಲ, ಕರ್ತೃವಿಗೆ ದೊರೆಯುವ ಹೆಸರು ಮತ್ತು ಬಳಕೆದಾರರ ಬಳಗವೂ ಪ್ರಯೋಜನವೇ ಎಂದೂ ಒಪ್ಪಿಕೊಂಡಿತು. ವ್ಯಾಪಾರದಲ್ಲಿ ಗುಡ್‌ವಿಲ್‌ಗೆ ಬೆಲೆ ಕಟ್ಟಿ ಬಲ್ಲವರಿಗೆ ಇದೇನೂ ಹೊಸ ಮಾತಲ್ಲ. 2010ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿದಾಗ ಕ್ಯಾಟ್ಜರ್ ಒಂದು ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು.

ಷರತ್ತು ಮತ್ತು ಭರವಸೆ

ವಾಣಿಜ್ಯ ಪದವಿಯ ತರಗತಿಯಲ್ಲಿ ಸರಕು ಮಾರಾಟ ಅಧಿನಿಯಮ, 1930ನ್ನು ಓದಿದವರಿಗೆ 12ನೆಯ ಕಲಂ ನೆನಪಿರಬಹುದು. ಕರಾರಿನ ಮುಖ್ಯ ಉದ್ದೇಶಕ್ಕೆ ಅತ್ಯಗತ್ಯವಾದದ್ದು ಷರತ್ತು, ಅಂದರೆ ಕಂಡಿಷನ್. ಅದು ಮುರಿದರೆ ಕರಾರನ್ನೇ ತಳ್ಳಿಹಾಕಬಹುದು. ಆನುಷಂಗಿಕವಾದದ್ದು ಭರವಸೆ, ಅಂದರೆ ವಾರಂಟಿ. ಅದು ಮುರಿದರೆ ನಷ್ಟಪರಿಹಾರ ಮಾತ್ರ. ಎರಡು ಕಾನೂನುಗಳೂ ಬೇರೆಯಾದರೂ ತರ್ಕದ ಜಾಡು ಒಂದೇ. 'ಹೆಸರನ್ನು ಉಳಿಸತಕ್ಕದ್ದೆಂಬ ಷರತ್ತಿಗೆ ಒಳಪಟ್ಟು ನಕಲು ಮಾಡಬಹುದು' ಎಂಬುದಕ್ಕೂ, 'ನಕಲು ಮಾಡಬಹುದು; ಬಳಕೆದಾರರು ಹೆಸರನ್ನು ಉಳಿಸಲು ಒಪ್ಪಿರುತ್ತಾರೆ' ಎಂಬುದಕ್ಕೂ ನ್ಯಾಯಾಲಯದಲ್ಲಿ ಅಜಗಜಾಂತರವಾದೀತು. ತಾವೇ ಸಿದ್ಧಪಡಿಸಿದ ತಂತ್ರಾಂಶವನ್ನು ಬಿಡುಗಡೆ ಮಾಡಬಯಸುವ ಸಂಸ್ಥೆಗಳು ಹೊಸ ಪರವಾನಗಿಯನ್ನು ಸ್ವಂತವಾಗಿ ಬರೆಯಲು ಹೋಗದೆ, ಬಳಕೆಯಲ್ಲಿ ಪಳಗಿದ ಪರವಾನಗಿಯನ್ನು ಅಕ್ಷರವೂ ಬದಲಿಸದೆ ಅಳವಡಿಸಿಕೊಳ್ಳುವುದೇ ಲೇಸು. ಜೇಸನ್ ತಂತ್ರಾಂಶದ ಕರ್ತೃವು ತನ್ನ ಪರವಾನಗಿಯಲ್ಲಿ ಇದನ್ನು ಒಳಿತಿಗೆ ಬಳಸಬೇಕು, ಕೆಡುಕಿಗಲ್ಲ ಎಂಬರ್ಥದ ಒಂದು ಸಾಲನ್ನು ಸೇರಿಸಿದ್ದರು. ಕೆಡುಕೆಂದರೇನೆಂದು ನಿರ್ಧರಿಸುವವರಾರು? ಆ ಒಂದು ಸಾಲಿನಿಂದಾಗಿ ಅಪಾಚೆ ಪ್ರತಿಷ್ಠಾನವು 2016ರಲ್ಲಿ ಆ ಪರವಾನಗಿಯ ತಂತ್ರಾಂಶಗಳನ್ನು ತನ್ನ ಯೋಜನೆಗಳಿಂದ ಹೊರಗಿಟ್ಟಿತು.

ಯಾವುದು ಏನನ್ನು ಕೇಳುತ್ತದೆ

ಎಂಐಟಿ ಪರವಾನಗಿಯು ಕೇಳುವುದು ಇಷ್ಟೇ: ಕೃತಿಸ್ವಾಮ್ಯದ ಸೂಚನೆ ಮತ್ತು ಪರವಾನಗಿಯ ಪಾಠ ಎಲ್ಲ ಪ್ರತಿಗಳಲ್ಲಿಯೂ ಇರಬೇಕು. ಬಿಎಸ್‌ಡಿಯೂ ಬಹುತೇಕ ಹೀಗೆಯೇ. ಹಿಂದೆ ಅದರಲ್ಲಿ, ತಂತ್ರಾಂಶದ ಗುಣಗಳನ್ನು ಹೇಳುವ ಪ್ರತಿಯೊಂದು ಜಾಹೀರಾತಿನಲ್ಲಿಯೂ ವಿಶ್ವವಿದ್ಯಾಲಯದ ಹೆಸರು ಬರಬೇಕೆಂಬ ಕಲಮೂ ಇತ್ತು. ಇತರರು ಅದೇ ಕಲಮಿನಲ್ಲಿ ತಮ್ಮ ಹೆಸರು ಸೇರಿಸುತ್ತ ಹೋದರು. 1997ರ ನೆಟ್‌ಬಿಎಸ್‌ಡಿ ಆವೃತ್ತಿಯೊಂದರಲ್ಲಿ ರಿಚರ್ಡ್ ಸ್ಟಾಲ್‌ಮನ್ ಇಂತಹ 75 ವಾಕ್ಯಗಳನ್ನು ಎಣಿಸಿದ್ದರು. ಜಾಹೀರಾತಿಗೆ ಕೊಟ್ಟ ಹಣವೆಲ್ಲ ಹೆಸರುಗಳ ಪಟ್ಟಿಗೇ ಸರಿಹೋಗಬೇಕಾಗಿತ್ತು! 1999ರಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾಲಯವು ಆ ಕಲಮನ್ನು ಕೈಬಿಟ್ಟಿತು. 2004ರ ಅಪಾಚೆ ಪರವಾನಗಿಯ ಎರಡನೆಯ ಆವೃತ್ತಿಯು, 'ನೋಟಿಸ್' ಎಂಬ ಕಡತವಿದ್ದಲ್ಲಿ ಅದರಲ್ಲಿನ ಸೂಚನೆಗಳನ್ನೂ ಮುಂದಿನವರಿಗೆ ದಾಟಿಸಬೇಕೆನ್ನುತ್ತದೆ.

ಉತ್ಪಾದಕರು ಹೆಚ್ಚು ಗಮನ ಕೊಡಬೇಕಾದದ್ದು ಜಿಪಿಎಲ್‌ಗೆ. ಲಿನಕ್ಸ್ ಕರ್ನಲ್ ಇರುವುದು 1991ರ ಜಿಪಿಎಲ್ ಎರಡನೆಯ ಆವೃತ್ತಿಯಡಿ. ಕಚೇರಿಯೊಳಗೆ ಎಷ್ಟು ಬಳಸಿದರೂ ಇದು ಏನನ್ನೂ ಕೇಳುವುದಿಲ್ಲ. ಅಂಗಡಿಯ ಲೆಕ್ಕಕ್ಕೆ ಜಿಪಿಎಲ್ ತಂತ್ರಾಂಶ ಬಳಸುವ ವರ್ತಕರು ನಿಶ್ಚಿಂತರಾಗಿರಬಹುದು. ಬಾಧ್ಯತೆ ಹುಟ್ಟುವುದು ಪ್ರತಿಯು ಇನ್ನೊಬ್ಬರ ಕೈಗೆ ಹೋದಾಗ. ಲಿನಕ್ಸ್ ಇರುವ ತೂಕದ ಯಂತ್ರವನ್ನು ಮಾರುವುದೆಂದರೆ ಲಿನಕ್ಸಿನ ಪ್ರತಿಯನ್ನು ಹಂಚಿದಂತೆಯೇ. ಆಗ ಪರವಾನಗಿಯ ಪ್ರತಿ, ಕೃತಿಸ್ವಾಮ್ಯದ ಸೂಚನೆಗಳು, ತಿದ್ದಿದ ಕಡತಗಳಲ್ಲಿ ತಿದ್ದಿದವರು ಯಾರು ಮತ್ತು ಯಾವ ದಿನವೆಂಬ ಟಿಪ್ಪಣಿ, ಜೊತೆಗೆ ಸೋರ್ಸ್ ಕೋಡ್ ಅಥವಾ ಅದನ್ನು ಕೊಡುವುದಾಗಿ ಕನಿಷ್ಠ ಮೂರು ವರ್ಷ ಸಿಂಧುವಾಗಿರುವ ಲಿಖಿತ ವಾಗ್ದಾನ ಇರಲೇಬೇಕು. ತಪ್ಪಿದರೆ ನಾಲ್ಕನೆಯ ಕಲಮಿನಂತೆ ಪರವಾನಗಿ ತಾನಾಗಿಯೇ ಕೊನೆಗೊಳ್ಳುತ್ತದೆ. ಇದು ಕಾಗದದ ಹುಲಿಯಲ್ಲ. 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವು ಸೈಟ್‌ಕಾಮ್ ಸಂಸ್ಥೆಯ ರೂಟರ್ ಪ್ರಕರಣದಲ್ಲಿ ಜಿಪಿಎಲ್ ಷರತ್ತುಗಳನ್ನು ಎತ್ತಿಹಿಡಿದು, ಅವುಗಳನ್ನು ಪಾಲಿಸದೆ ತಂತ್ರಾಂಶವನ್ನು ಹಂಚದಂತೆ ತಡೆಯಾಜ್ಞೆ ನೀಡಿತು. ಹೊರಗಿನವರಿಂದ ಬೋರ್ಡ್ ಖರೀದಿಸಿದ್ದೇವೆ, ಒಳಗೇನಿದೆಯೋ ತಿಳಿಯದು ಎಂಬ ಸಮಜಾಯಿಷಿ ಮಾರಾಟಗಾರನ ಬಾಧ್ಯತೆಯನ್ನು ತಪ್ಪಿಸುವುದಿಲ್ಲ.

ಇಲ್ಲೂ ಒಂದು ಪದದ ಸೂಕ್ಷ್ಮವಿದೆ. ಕೆಲವು ಕಡತಗಳ ತಲೆಬರಹದಲ್ಲಿ 'ಎರಡನೆಯ ಆವೃತ್ತಿ' ಎಂದಷ್ಟೇ ಇರುತ್ತದೆ. ಕೆಲವದರಲ್ಲಿ 'ಅಥವಾ ನಂತರದ ಯಾವುದೇ ಆವೃತ್ತಿ' ಎಂದಿರುತ್ತದೆ. ಮೊದಲನೆಯದನ್ನು 2007ರ ಮೂರನೆಯ ಆವೃತ್ತಿಯ ತಂತ್ರಾಂಶದೊಡನೆ ಬೆಸೆದು ಹಂಚಲು ಬರುವುದಿಲ್ಲ, ಎರಡನೆಯದನ್ನು ಬೆಸೆಯಬಹುದು. ಆದ್ದರಿಂದ ವಹಿಯಲ್ಲಿ ಬರೀ 'ಜಿಪಿಎಲ್' ಎಂದು ಬರೆದಿಟ್ಟರೆ ಬರೆಯದಿದ್ದಂತೆಯೇ.

ಭಾರತೀಯ ಕಾನೂನಿನಲ್ಲಿ

ಹೆಸರನ್ನು ಅಳಿಸುವುದು ನಮ್ಮಲ್ಲಿಯೂ ಹಗುರವಾದ ತಪ್ಪಲ್ಲ. ಕೃತಿಯನ್ನು ಮಾರಿದ ಮೇಲೂ ತಾನೇ ಕರ್ತೃವೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಕಲಂ ಕರ್ತೃವಿಗೆ ಉಳಿಸಿಕೊಟ್ಟಿದೆ. 2012ರ ತಿದ್ದುಪಡಿಯಿಂದ ಸೇರಿದ 65ಬಿ ಕಲಮಿನಂತೆ, ಹಕ್ಕುದಾರರ ಹೆಸರು ಮತ್ತು ಬಳಕೆಯ ಷರತ್ತುಗಳನ್ನೊಳಗೊಂಡ ಮಾಹಿತಿಯನ್ನು ಅಧಿಕಾರವಿಲ್ಲದೆ ತಿಳಿದೂ ತಿಳಿದೂ ತೆಗೆದುಹಾಕಿದವರಿಗೆ ಎರಡು ವರ್ಷದವರೆಗಿನ ಕಾರಾವಾಸ ಮತ್ತು ದಂಡ ವಿಧಿಸಬಹುದು. ಕಡತದ ತಲೆಯಲ್ಲಿದ್ದ ಹಳೆಯ ಹೆಸರನ್ನು ತೆಗೆದು ಕಂಪನಿಯ ಹೆಸರನ್ನು ಕೂರಿಸುವ ಉತ್ಸಾಹಿ ನೌಕರರು ಎಲ್ಲೆಡೆಯೂ ಇದ್ದಾರೆ. ಗಣನೀಯವಾಗಿ ತಿದ್ದಿದ್ದರೆ ಹಳೆಯ ಸಾಲನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ವರ್ಷ ಸಹಿತ ತಮ್ಮ ಸಾಲನ್ನು ಸೇರಿಸುವುದು ಸರಿಯಾದ ಕ್ರಮ.

ಇನ್ನೊಂದು ಬಲೆ ಹೊರಗುತ್ತಿಗೆಯದು. ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಕರಾರಿಲ್ಲದಿದ್ದರೆ, ಮಾಲೀಕನೇ ಮೊದಲ ಹಕ್ಕುದಾರ. ಸ್ವತಂತ್ರವಾಗಿ ಕೆಲಸ ಮಾಡುವ ಪ್ರೋಗ್ರಾಮರ್ ಬರೆದುಕೊಟ್ಟದ್ದು ಹಾಗಲ್ಲ. ಪೂರ್ತಿ ಹಣ ಸಂದಾಯವಾಗಿದ್ದರೂ, ಸಹಿ ಮಾಡಿದ ಲಿಖಿತ ವರ್ಗಾವಣೆ ಇಲ್ಲದೆ ಹಕ್ಕು ಬರುವುದಿಲ್ಲ. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ 19ನೆಯ ಕಲಮಿನಂತೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ. ಪ್ರದೇಶವನ್ನು ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. ರಫ್ತು ಮಾಡುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪತ್ರದಲ್ಲಿ, ಬಳಸಿದ ಓಪನ್ ಸೋರ್ಸ್ ಭಾಗಗಳ ಪಟ್ಟಿಯನ್ನು ಪರವಾನಗಿ ಸಮೇತ ಒಪ್ಪಿಸಬೇಕೆಂಬ ವಾಕ್ಯವನ್ನೂ ಬರೆಸಿಕೊಳ್ಳಬೇಕು. ಯುರೋಪ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯಿದೆಯ ಮುಖ್ಯ ಬಾಧ್ಯತೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗಲಿದ್ದು, ತಂತ್ರಾಂಶವುಳ್ಳ ಉತ್ಪನ್ನಗಳ ತಯಾರಕರು ಅದರ ಬಿಡಿಭಾಗಗಳ ಪಟ್ಟಿಯನ್ನು ಸಿದ್ಧಪಡಿಸಿರಬೇಕೆಂದು ಅದು ವಿಧಿಸುತ್ತದೆ.

ದಾಸ್ತಾನು ವಹಿಯ ಮಾದರಿಯಲ್ಲಿಯೇ ಒಂದು ವಹಿ ಇದಕ್ಕೆ ಸಾಕು: ತಂತ್ರಾಂಶದ ಹೆಸರು, ಆವೃತ್ತಿ, ಇಳಿಸಿಕೊಂಡ ದಿನ ಮತ್ತು ಸ್ಥಳ, ಪರವಾನಗಿಯ ಪೂರ್ಣ ಹೆಸರು, ಕೃತಿಸ್ವಾಮ್ಯದ ಸಾಲು ಇದ್ದಂತೆಯೇ, ತಿದ್ದುಪಡಿ ಆಗಿದೆಯೇ, ಯಾವ ಉತ್ಪನ್ನಕ್ಕೆ ಹೋಗಿದೆ. ಬೆಲೆಯ ಅಂಕಣದಲ್ಲಿ ಸೊನ್ನೆ ಬಂದರೂ ಬರೆಯಬೇಕು.

ಈಗಾಗಲೇ ಯಂತ್ರಗಳನ್ನು ಮಾರಿಬಿಟ್ಟವರಿಗೂ ದಾರಿಯಿದೆ. ಜಿಪಿಎಲ್ ಮೂರನೆಯ ಆವೃತ್ತಿಯಂತೆ, ಹಕ್ಕುದಾರರಿಂದ ಮೊದಲ ಬಾರಿಗೆ ಸೂಚನೆ ಬಂದ 30 ದಿನಗಳೊಳಗೆ ದೋಷವನ್ನು ಸರಿಪಡಿಸಿದರೆ ಪರವಾನಗಿ ಮರಳಿ ಸಿಗುತ್ತದೆ. ಲಿನಕ್ಸ್ ಕರ್ನಲ್‌ನ ಅನೇಕ ಕರ್ತೃಗಳು 2017ರಲ್ಲಿ ಇದೇ ಸೌಲಭ್ಯವನ್ನು ತಮ್ಮ ಹಕ್ಕುಗಳ ಮಟ್ಟಿಗೆ ಒಪ್ಪಿಕೊಂಡಿದ್ದಾರೆ. ಇಂತಹ ಸೂಚನೆ ಮಿಂಚಂಚೆಯಲ್ಲಿಯೂ ಬರಬಹುದು, ಅದೂ ಮಾರಾಟ ವಿಭಾಗದ ವಿಳಾಸಕ್ಕೆ. ಅದನ್ನು ಜಾಹೀರಾತೆಂದು ಅಳಿಸದೆ, ಬಂದ ದಿನಾಂಕವನ್ನು ಗುರುತು ಹಾಕಿ ಮಾಲೀಕರ ಮೇಜಿಗೆ ತಲುಪಿಸುವಂತೆ ಸಿಬ್ಬಂದಿಗೆ ತಿಳಿಸಿರಬೇಕು. 30 ದಿನಗಳ ಎಣಿಕೆ ಆರಂಭವಾಗುವುದು ಅಲ್ಲಿಂದಲೇ.